ಪ್ರಿಂಟರ್ ಬೆಲೆಯ ಪಕ್ಕದಲ್ಲೇ ಪೇಜಿನ ಖರ್ಚನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಶಾಲೆ ಶುರುವಾಯಿತೆಂದರೆ ಸಾಕು, ಖಾಲಿ ಕಾರ್ಟ್ರಿಡ್ಜ್ ಹಿಡಿದುಕೊಂಡು ತಂದೆ ತಾಯಂದಿರು ಬರುತ್ತಾರೆ. ಮೊನ್ನೆ ಬಂದ ಒಬ್ಬ ತಾಯಿ, ‘ಅಣ್ಣ, ಪ್ರಿಂಟರ್ ತಗೊಂಡು ಇನ್ನೂ ಎರಡು ತಿಂಗಳಾಗಿಲ್ಲ. ನೂರು ಪೇಜೂ ತೆಗೆದಿಲ್ಲ. ಆಗಲೇ ಇಂಕ್ ಖಾಲಿ ಅಂತ ತೋರಿಸ್ತಿದೆ’ ಎಂದರು. ಮಗಳ ಪ್ರಾಜೆಕ್ಟ್‌ಗೆ ಅಂತ ಚೀಟಿ ದುಡ್ಡಲ್ಲಿ ತಂದಿದ್ದ ಪ್ರಿಂಟರ್ ಅದು. ಕಪ್ಪು, ಕಲರ್ ಎರಡೂ ಹೊಸದು ಹಾಕಿಸಲು ಪ್ರಿಂಟರ್‌ಗೆ ಕೊಟ್ಟ ಹಣದ ಅರ್ಧದಷ್ಟು ಬೇಕು ಎಂದೆ. ಅವರು ಸುಮ್ಮನೆ ನಿಂತುಬಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಪ್ರಿಂಟರ್ ಕೆಟ್ಟಿರಲಿಲ್ಲ. ಹೊಸ ಪ್ರಿಂಟರ್ ಜೊತೆ ಬರುವ ಕಾರ್ಟ್ರಿಡ್ಜ್‌ನಲ್ಲಿ ಎಷ್ಟೋ ಸಲ ಇಂಕ್ ಕಡಿಮೆಯೇ ಇರುತ್ತದೆ. ಮಾರಿದವರು ಅದನ್ನು ಹೇಳಿರಲಿಲ್ಲ. ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ದುಡಿಯುವ ವ್ಯಾಪಾರ ಇದು. ಹಾಗಾಗಿ ಕೊಳ್ಳುವ ಮೊದಲು ಒಂದು ಪೇಜಿಗೆ ಎಷ್ಟು ಬೀಳುತ್ತದೆ ಎಂದು ಕೇಳಲೇಬೇಕು.

ಲೆಕ್ಕ ಸುಲಭ. ಕಾರ್ಟ್ರಿಡ್ಜ್ ಬೆಲೆಯನ್ನು ಅದು ಕೊಡುವ ಪೇಜುಗಳಿಂದ ಭಾಗಿಸಿ. 900 ರೂಪಾಯಿಯ ಕಾರ್ಟ್ರಿಡ್ಜ್ 120 ಪೇಜ್ ಕೊಟ್ಟರೆ ಪೇಜಿಗೆ 7 ರೂಪಾಯಿ 50 ಪೈಸೆ. ಕಾರ್ಟ್ರಿಡ್ಜ್ ಬದಲು ಬಾಟಲಿಯಿಂದ ಇಂಕ್ ಸುರಿದು ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್ ನೋಡಿ. ಎಪ್ಸನ್‌ನ 003 ಕಪ್ಪು ಬಾಟಲಿಯಲ್ಲಿ 65 ಮಿ.ಲೀ. ಇಂಕ್ ಇರುತ್ತದೆ, 4,500 ಪೇಜ್ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಬಾಟಲಿಗೆ 450 ರೂಪಾಯಿ ಎಂದಿಟ್ಟುಕೊಂಡರೂ ಪೇಜಿಗೆ 10 ಪೈಸೆ. ಈ ಪ್ರಿಂಟರ್‌ಗೆ ಮೊದಲು ಜಾಸ್ತಿ ಕೊಡಬೇಕು ನಿಜ. ಆದರೆ ವಾರಕ್ಕೆ ಐವತ್ತು ಪೇಜ್ ತೆಗೆಯುವ ಟ್ಯೂಷನ್ ಮೇಷ್ಟ್ರಿಗೆ ಆ ಜಾಸ್ತಿ ಹಣ ಒಂದೇ ವರ್ಷದಲ್ಲಿ ವಾಪಸ್ ಬಂದುಬಿಡುತ್ತದೆ.

ಡಬ್ಬಿಯ ಮೇಲಿನ ಪೇಜುಗಳ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಅದು ಬಿಡುವಿಲ್ಲದೆ ಒಂದರ ಹಿಂದೊಂದು ಪೇಜ್ ತೆಗೆದು ಹಾಕಿದ ಲೆಕ್ಕ. ಮನೆಯಲ್ಲಿ ಹಾಗೆ ಯಾರು ತೆಗೆಯುತ್ತಾರೆ? ವಾರಕ್ಕೆ ಎರಡು ಪೇಜ್, ಆಮೇಲೆ ಹದಿನೈದು ದಿನ ಏನೂ ಇಲ್ಲ. ಅಷ್ಟರಲ್ಲಿ ಹೆಡ್, ಅಂದರೆ ಕಾಗದಕ್ಕೆ ಇಂಕ್ ಚಿಮ್ಮಿಸುವ ಭಾಗ, ಒಣಗತೊಡಗುತ್ತದೆ. ಅದನ್ನು ತೊಳೆಯಲು ಪ್ರಿಂಟರ್ ನಮ್ಮದೇ ಇಂಕ್ ಬಳಸುತ್ತದೆ. ಕಾಗದದ ಮೇಲೆ ಒಂದು ಅಕ್ಷರವೂ ಬೀಳದೆ ಇಂಕ್ ಹೋಗುವುದು ಹೀಗೆ. ಪ್ರಿಂಟರನ್ನು ಗೋಡೆಯ ಸ್ವಿಚ್‌ನಲ್ಲಿ ನೇರ ಆಫ್ ಮಾಡಿದರೆ ಹೆಡ್ ಸರಿಯಾಗಿ ಮುಚ್ಚಿಕೊಳ್ಳದೇ ಇರಬಹುದು. ಮೊದಲು ಪ್ರಿಂಟರ್‌ನ ಬಟನ್ ಒತ್ತಿ, ಅದು ಪೂರ್ತಿ ನಿಂತ ಮೇಲೆ ಸ್ವಿಚ್ ತೆಗೆಯಿರಿ. ವಾರಕ್ಕೊಮ್ಮೆ ಒಂದು ಕಲರ್ ಪೇಜ್ ತೆಗೆಯಿರಿ. ನೋಟ್ಸ್‌ಗೆ ಇಂಕ್ ಕಡಿಮೆ ಬಳಸುವ ಡ್ರಾಫ್ಟ್ ಸೆಟ್ಟಿಂಗ್ ಸಾಕು.

ತಿಂಗಳಿಗೆ ಹತ್ತು ಪೇಜ್ ತೆಗೆಯುವವರು ಇಂಥ ಇಂಕ್ ಹಾಕುವ ಪ್ರಿಂಟರ್ (ಇಂಕ್‌ಜೆಟ್) ತರಲೇಬೇಡಿ. ನಿಮ್ಮ ಬೀದಿಯ ಜೆರಾಕ್ಸ್ ಅಂಗಡಿಯೇ ಅಗ್ಗ. ಇದನ್ನು ನನ್ನ ವ್ಯಾಪಾರಕ್ಕಾಗಿ ಹೇಳುತ್ತಿಲ್ಲ, ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಮನೆಯಲ್ಲೇ ಬೇಕು, ಕಪ್ಪು ಅಕ್ಷರ ಸಾಕು ಎನ್ನುವವರಿಗೆ ಲೇಸರ್ ಒಳ್ಳೆಯದು. ಅದರಲ್ಲಿ ಇಂಕ್ ಬದಲು ಟೋನರ್ ಎಂಬ ಪುಡಿ ಇರುತ್ತದೆ, ಒಣಗುವ ಮಾತೇ ಇಲ್ಲ. ಎಷ್ಟೋ ಕಚೇರಿಗಳಲ್ಲಿ ಇವತ್ತಿಗೂ ಓಡುತ್ತಿರುವ ಕ್ಯಾನನ್ 2900ಕ್ಕೆ ಹಾಕುವ 303 ಟೋನರ್ ಸುಮಾರು 2,000 ಪೇಜ್ ಕೊಡುತ್ತದೆ.

ರೀಫಿಲ್ ಬಗ್ಗೆಯೂ ಕೇಳುತ್ತಾರೆ. ನಾನೇ ಮಾಡಿಕೊಡುತ್ತೇನೆ. ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುವಂಥದ್ದನ್ನು ಕೆಲವು ಸಲ ತುಂಬಿಸಬಹುದು. ಆದರೆ ಪೂರ್ತಿ ಒಣಗುವವರೆಗೆ ಓಡಿಸಬೇಡಿ, ಹೆಡ್ ಸುಟ್ಟುಹೋಗಬಹುದು. ಗೆರೆ ಗೆರೆಯಾಗಿ ಬರಲು ಶುರುವಾದ ಕೂಡಲೇ ತನ್ನಿ. ಮಾರ್ಕ್ಸ್ ಕಾರ್ಡ್ ನಕಲು, ಫೋಟೊ ಇಂಥವಕ್ಕೆ ಮಾತ್ರ ನಾನು ಒರಿಜಿನಲ್ ಇಂಕನ್ನೇ ಹೇಳುತ್ತೇನೆ. ರೀಫಿಲ್ ಇಂಕ್ ಕೆಲವು ಬೇಗ ಮಸುಕಾಗುತ್ತವೆ.

ಈ ಲೆಕ್ಕವನ್ನೆಲ್ಲ ಕೊಳ್ಳುವವರೇ ಹಾಕಿಕೊಳ್ಳಬೇಕಾ? ಬಿಸ್ಕತ್, ಸೋಪಿನ ಪುಡಿ ಪ್ಯಾಕೆಟ್ ಮೇಲೆ ಈಗ ಗ್ರಾಂಗೆ ಇಷ್ಟು ಬೆಲೆ ಎಂದು ಅಚ್ಚು ಹಾಕುತ್ತಾರೆ. ಫ್ರಿಜ್ ಮೇಲೆ ಸ್ಟಾರ್ ಲೇಬಲ್ ಇದೆ, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಎಂದೂ ಬರೆದಿರುತ್ತದೆ. ಪ್ರಿಂಟರ್ ಡಬ್ಬಿಯ ಮೇಲೂ ಹಾಗೇ ಇರಲಿ: ಒಳಗಿರುವ ಕಾರ್ಟ್ರಿಡ್ಜ್ ಎಷ್ಟು ಪೇಜ್ ಬರುತ್ತದೆ, ಹೊಸದರ ಬೆಲೆ ಎಷ್ಟು, ಒಂದು ಪೇಜಿಗೆ ಎಷ್ಟು ಬೀಳುತ್ತದೆ. ಮೂರೇ ಸಾಲು, ಕನ್ನಡದಲ್ಲೂ ಇರಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಪ್ರಿಂಟರ್ ಮಾರುವ ಅಂಗಡಿಯವರು ಒಂದು ಚೀಟಿಯಲ್ಲಾದರೂ ಬರೆದು ಅಂಟಿಸಲಿ ಎಂದು ಕೈಮುಗಿದು ಕೇಳುತ್ತೇನೆ.

– ಡಿಟಿಪಿ ಅಂಗಡಿಯವನು, ತಿಪಟೂರು