ಗ್ಲಿಯಾ ಕೋಶಗಳ ಕಥೆಯನ್ನೂ ಬರೆಯಿರಿ

ಮಾನ್ಯರೇ,

ಮರೆವಿನ ಕಾಯಿಲೆ ಕುರಿತ ಲೇಖನಗಳೆಲ್ಲ ನರಕೋಶಗಳ ಸುತ್ತಲೇ ಸುತ್ತುತ್ತವೆ. ಅವುಗಳ ಮಗ್ಗುಲಲ್ಲೇ ಇರುವ ಗ್ಲಿಯಾ ಕೋಶಗಳ ಸುದ್ದಿಯೇ ಇಲ್ಲ. 1856ರಲ್ಲಿ ಜರ್ಮನಿಯ ವೈದ್ಯ ವಿರ್ಚೋ ‘ಅಂಟು’ ಎಂಬರ್ಥದ ಹೆಸರಿಟ್ಟ ಮೇಲೆ, ಅವು ಇಟ್ಟಿಗೆಗಳ ನಡುವಿನ ಗಾರೆ ಇದ್ದಂತೆ ಎಂಬ ಭಾವನೆಯೇ ಬಹುಕಾಲ ಉಳಿಯಿತು.

ಅದನ್ನು ಅಲುಗಾಡಿಸಿದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಬೆನ್ ಬ್ಯಾರೆಸ್ ಪ್ರಮುಖರು. ನರರೋಗ ವೈದ್ಯರಾಗಿ ತರಬೇತಿ ಪಡೆಯುವಾಗ, ಹಾಳಾದ ಮಿದುಳಿನ ಭಾಗಗಳಲ್ಲಿ ಗ್ಲಿಯಾ ಕೋಶಗಳು ಮುತ್ತಿಕೊಂಡಿರುವುದು ಅವರ ಕಣ್ಣಿಗೆ ಬಿತ್ತು. ಏಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿದರು. 2017ರಲ್ಲಿ ಅವರ ತಂಡ ಕಂಡುಕೊಂಡ ಉತ್ತರ ಬೆರಗು ಹುಟ್ಟಿಸುವಂಥದ್ದು: ಗ್ಲಿಯಾದಲ್ಲೇ ಒಂದು ಬಗೆಯ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿದಾಗ ಮೂರು ಪ್ರೋಟೀನ್‌ಗಳನ್ನು ಸ್ರವಿಸುತ್ತವೆ. ಅದರಿಂದ, ನರಕೋಶಗಳನ್ನು ಪೊರೆಯಬೇಕಾದ ಇನ್ನೊಂದು ಬಗೆಯ ಗ್ಲಿಯಾ, ಅಂದರೆ ಆಸ್ಟ್ರೋಸೈಟ್‌ಗಳೇ ಅವನ್ನು ಕೊಲ್ಲತೊಡಗುತ್ತವೆ! ಇಂಥ ಆಸ್ಟ್ರೋಸೈಟ್‌ಗಳು ಅಲ್ಝೈಮರ್, ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಕಂಡವು. ಇಲಿ ಜಾತಿಯ ಪ್ರಾಣಿಗಳಲ್ಲಿ ಆ ಪ್ರೋಟೀನ್‌ಗಳನ್ನು ತಡೆದಾಗ, ಕಣ್ಣಿನ ನರ ಜಜ್ಜಿಹೋದರೂ ನರಕೋಶಗಳು ಬದುಕಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ಯಾರೆಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಬರೀ 63.

ನನ್ನ ಅಮ್ಮ ಕೊನೆಯ ದಿನಗಳಲ್ಲಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ‘ಇದನ್ನು ಏನು ಮಾಡಬೇಕು?’ ಎಂದು ಕೇಳುತ್ತಿದ್ದಳು. ಅವಳ ತಲೆಯೊಳಗೆ ಏನಾಗುತ್ತಿದೆ ಎಂದು ಕನ್ನಡದಲ್ಲಿ ಓದಲು ನನಗೆ ಹೆಚ್ಚೇನೂ ಸಿಗಲಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಸಂಶೋಧನೆಗಾಗಿ ಮಿದುಳು ಬ್ಯಾಂಕ್ ಇದೆ. ಅಲ್ಲಿನ ತಜ್ಞರಿಂದ ಈ ವಿಷಯ ಬರೆಸಿ, ವಿಜ್ಞಾನ ಪುಟದಲ್ಲಿ ದಯವಿಟ್ಟು ಪ್ರಕಟಿಸಿ.

— ಓದುಗ, ಶಿವಮೊಗ್ಗ