ಜಾಹೀರಾತಿನಂತೆ ಕೆಲಸ ಮಾಡದ ಅಡಾಪ್ಟರ್ ರಿಂಗ್ ಕುರಿತು ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕ್ಯಾಮೆರಾ ಬಿಡಿಭಾಗಗಳ ಆನ್‌ಲೈನ್ ಮಳಿಗೆ

ವಿಷಯ: ಎಂ42 (ತಿರುಪಿನಂತೆ ತಿರುಗಿಸಿ ಕೂರಿಸುವ ಹಳೆಯ ಬಗೆಯ) ಲೆನ್ಸನ್ನು ನಿಕಾನ್ ಕ್ಯಾಮೆರಾಕ್ಕೆ ಕೂಡಿಸುವ ರಿಂಗನ್ನು ವಾಪಸು ಪಡೆದು ಹಣ ಮರಳಿಸುವ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳು ತಮ್ಮ ಮಳಿಗೆಯಿಂದ 850 ರೂಪಾಯಿ ಕೊಟ್ಟು ಮೇಲ್ಕಾಣಿಸಿದ ರಿಂಗನ್ನು ತರಿಸಿಕೊಂಡೆ. ತಮ್ಮ ಪುಟದಲ್ಲಿ ಇದನ್ನು ಹಾಕಿದರೆ ಅನಂತ ದೂರದವರೆಗೂ ಫೋಕಸ್ ಆಗುತ್ತದೆ, ನಿಕಾನ್‌ನ ಎಲ್ಲ ಡಿಎಸ್‌ಎಲ್‌ಆರ್‌ಗಳಲ್ಲೂ ಬೆಳಕನ್ನು ಅಳೆಯುವ ಲೈಟ್ ಮೀಟರ್ ಕೆಲಸ ಮಾಡುತ್ತದೆ ಎಂದು ಬರೆದಿತ್ತು. ಚಿತ್ರದಲ್ಲಿ ರಿಂಗಿನ ನಡುವೆ ಗಾಜೂ ಕಾಣುತ್ತಿತ್ತು. ನನ್ನ ಕೈಗೆ ಬಂದದ್ದು ಗಾಜಿಲ್ಲದ ಬರಿಯ ಲೋಹದ ಬಳೆ.

ನನ್ನ ಬಳಿ ಇರುವುದು ನಿಕಾನ್ ಡಿ3400, ಆರಂಭದ ದರ್ಜೆಯ ಕ್ಯಾಮೆರಾ. ಲೆನ್ಸ್ ನಮ್ಮ ದೊಡ್ಡಪ್ಪನವರ ಝೆನಿಟ್ ಕ್ಯಾಮೆರಾದ ಜೊತೆ ಬಂದ ಹೀಲಿಯೋಸ್ 44-2, ಅಂದರೆ 58 ಮಿ.ಮೀ., ಎಫ್/2. ಅದೇ ಲೆನ್ಸಿನಿಂದ ಅವರು ಗೋಳಗುಮ್ಮಟದ ಅಂಗಳದಲ್ಲಿ ಮನೆಮಂದಿಯನ್ನೆಲ್ಲ ನಿಲ್ಲಿಸಿ ತೆಗೆದ ಕಪ್ಪುಬಿಳುಪು ಚಿತ್ರ ಇಂದಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ, ಮತ್ತು ಅದರಲ್ಲಿ ಹಿಂದಿನ ಮಿನಾರುಗಳ ಕಿಟಕಿಗಳನ್ನೂ ಎಣಿಸಬಹುದು. ಅದೇ ಅಂಗಳದಲ್ಲಿ ತಮ್ಮ ರಿಂಗ್ ಹಾಕಿಕೊಂಡು ನಿಂತಾಗ ನನಗೆ ಕಂಡದ್ದು ಗುಮ್ಮಟವಲ್ಲ, ಬೂದುಬಣ್ಣದ ಒಂದು ಮುದ್ದೆ. ಫೋಕಸ್ ಬಳೆಯನ್ನು ಕೊನೆಯವರೆಗೆ ತಿರುಗಿಸಿದರೂ ಅದು ಬದಲಾಗಲಿಲ್ಲ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನಾದರೂ ತೆಗೆಯೋಣವೆಂದು ಹೋದರೆ, ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ನಿಂತಾಗ ಚೌಕಟ್ಟಿನ ಅಗಲ ಎರಡು ಅಡಿ ಚಿಲ್ಲರೆಯಷ್ಟೇ ಆಗುತ್ತಿತ್ತು. ಸುಮಾರು ಒಂದೂವರೆ ಮೀಟರ್ ಅಗಲದ ಆ ತೋಪು ಅದರಲ್ಲಿ ಹಿಡಿಸಲಿಲ್ಲ, ಹಿಡಿಸುವಷ್ಟು ಹಿಂದೆ ಸರಿದರೆ ಮಸುಕು.

ಈ ಬಗ್ಗೆ ಬರೆದಾಗ ತಮ್ಮ ಗ್ರಾಹಕ ಸೇವೆಯವರು, ಲೆನ್ಸ್ ಹಳೆಯದು, ಕ್ಯಾಮೆರಾ ಕಡಿಮೆ ದರ್ಜೆಯದು, ಕೈಯಿಂದ ಫೋಕಸ್ ಮಾಡಲು ಅಭ್ಯಾಸ ಬೇಕು, ಆದ್ದರಿಂದ ವಾಪಸು ಪಡೆಯಲಾಗದು ಎಂದು ಉತ್ತರಿಸಿದ್ದಾರೆ. ಕೊನೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ ಎಂದು ಒಪ್ಪುತ್ತೇನೆ. ಈ ದರ್ಜೆಯ ಕ್ಯಾಮೆರಾಗಳ ವ್ಯೂಫೈಂಡರ್ ಕಿರಿದು, ಅದರೊಳಗೆ ಗಾಜಿನ ಪ್ರಿಸಂ ಬದಲು ಕನ್ನಡಿಗಳಿರುತ್ತವೆ, ಹಳೆಯ ಎಷ್ಟೋ ಫಿಲ್ಮ್ ಕ್ಯಾಮೆರಾಗಳಲ್ಲಿ ಫೋಕಸಿಗೆ ನೆರವಾಗುತ್ತಿದ್ದ ಎರಡು ಹೋಳಿನ ಬಿಂಬವೂ ಇಲ್ಲಿಲ್ಲ. ಅದಕ್ಕೆಂದೇ ನಾನು ಕಣ್ಣನ್ನಾಗಲಿ ಫೋಕಸ್ ಸರಿಯಾದಾಗ ವ್ಯೂಫೈಂಡರಿನಲ್ಲಿ ಬೆಳಗುವ ಹಸಿರು ಚುಕ್ಕೆಯನ್ನಾಗಲಿ ನಂಬದೆ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆಯಲ್ಲಿ, ಬಿಂಬವನ್ನು ಹಿಗ್ಗಿಸಿ, ಟೇಪು ಹಿಡಿದು ಅಳೆದೆ. ಈ ರಿಂಗಿನೊಡನೆ ಲೆನ್ಸ್ ಸ್ಪಷ್ಟವಾಗಿ ತೋರಿಸುವ ಅತಿ ದೂರ ಒಂದೂಮುಕ್ಕಾಲು ಮೀಟರ್. ಸ್ಪಷ್ಟತೆಯ ಆಳ ಹೆಚ್ಚಲೆಂದು ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು) ಎಫ್/16ಕ್ಕೆ ಕಿರಿದಾಗಿಸಿದರೂ ಎರಡು ಮೀಟರಿನ ಆಚೆಗೆ ಹೆಚ್ಚೇನೂ ದಕ್ಕಲಿಲ್ಲ.

ಕಾರಣ ಲೆನ್ಸಿನ ವಯಸ್ಸಲ್ಲ. ಎಂ42 ಲೆನ್ಸುಗಳು ತಮ್ಮ ಬುಡದಿಂದ ಫಿಲ್ಮಿನವರೆಗೆ 45.46 ಮಿ.ಮೀ. ಅಂತರವಿರುತ್ತದೆಂದು ಲೆಕ್ಕಹಾಕಿ ಮಾಡಿದವು; ನಿಕಾನ್ ಎಫ್ ಮೌಂಟಿನಲ್ಲಿ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿಯಲ್ಲಿ) ಆ ಅಂತರ 46.5 ಮಿ.ಮೀ. ಹೀಗೆ ಲೆನ್ಸ್ ಇರಬೇಕಾದ ಜಾಗಕ್ಕಿಂತ ಒಂದು ಮಿಲಿಮೀಟರ್ ಮುಂದೆಯೇ ಕೂರುತ್ತದೆ, ಅದರ ಮೇಲೆ ತಮ್ಮ ರಿಂಗಿನ ದಪ್ಪ ಇನ್ನೊಂದು ಮಿಲಿಮೀಟರ್ ಸೇರುತ್ತದೆ; ಲೆನ್ಸ್ ಹೀಗೆ ಮುಂದೆ ಸರಿದಷ್ಟೂ ದೂರದ ವಸ್ತುಗಳು ಫೋಕಸಿಗೆ ಸಿಗುವುದಿಲ್ಲ. ಈ ಎರಡು ಮಿಲಿಮೀಟರನ್ನು ನಡುವಿನ ಗಾಜು ಮಾತ್ರ ಸರಿದೂಗಿಸಬಲ್ಲದು, ಯಾವ ಅಭ್ಯಾಸವೂ ಅಲ್ಲ. ಕ್ಯಾನನ್ ಇಎಫ್ ಮೌಂಟಿನಲ್ಲಿ ಅಂತರ 44 ಮಿ.ಮೀ. ಇದ್ದು, ಉಳಿದದ್ದನ್ನು ರಿಂಗಿನ ದಪ್ಪವೇ ತುಂಬುವುದರಿಂದ ಅಲ್ಲಿ ಗಾಜಿನ ಅಗತ್ಯವೇ ಬೀಳುವುದಿಲ್ಲ. ಗೆಳೆಯರೊಬ್ಬರ ಕ್ಯಾನನ್‌ಗೆ ಬೇರೊಂದು ರಿಂಗಿನ ಮೂಲಕ ಇದೇ ಲೆನ್ಸ್ ಹಾಕಿ, ಇದೇ ಜಾಗದಲ್ಲಿ ನಿಂತು ತೆಗೆದ ಚಿತ್ರದಲ್ಲಿ ಗುಮ್ಮಟದ ಬುಡದ ಕಲ್ಲಿನ ದಳಗಳು ಒಂದೊಂದಾಗಿ ಕಾಣುತ್ತವೆ. ಎರಡೂ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಲೈಟ್ ಮೀಟರಿನ ಮಾತೂ ಸುಳ್ಳು. ಚಿಪ್ ಇಲ್ಲದ ಲೆನ್ಸ್ ಹಾಕಿದರೆ ಡಿ3400 ‘ಎಂ’ (ಎಲ್ಲವನ್ನೂ ಕೈಯಿಂದಲೇ ಹೊಂದಿಸುವ) ಮೋಡಿನಲ್ಲಿ ಮಾತ್ರ ಚಿತ್ರ ತೆಗೆಯುತ್ತದೆ, ಆಗಲೂ ಬೆಳಕನ್ನು ಅಳೆಯುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಒಂದು ಚಿತ್ರ ತೆಗೆದು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿ, ಶಟರ್ ವೇಗ ಸರಿಪಡಿಸಿಕೊಳ್ಳುವುದು ನನಗೆ ಹೊರೆಯಲ್ಲ. ಆದರೆ ತಮ್ಮ ಪುಟವನ್ನು ನಂಬಿ ಕೊಳ್ಳುವ ಹೊಸಬರು ಕ್ಯಾಮೆರಾವೇ ಕೆಟ್ಟಿದೆಯೆಂದು ರಿಪೇರಿ ಅಂಗಡಿಗೆ ಒಯ್ದಾರು.

ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ವಸ್ತುವನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂಬುದೂ ಅವುಗಳಲ್ಲಿದೆ. ಆದ್ದರಿಂದ ತಮ್ಮ ಖರ್ಚಿನಲ್ಲೇ ರಿಂಗನ್ನು ವಾಪಸು ತರಿಸಿಕೊಂಡು 850 ರೂಪಾಯಿಯನ್ನು ಪೂರ್ತಿಯಾಗಿ ಮರಳಿಸಬೇಕೆಂದೂ, ಪುಟದಲ್ಲಿನ ಎರಡೂ ಹೇಳಿಕೆಗಳನ್ನು ಮತ್ತು ಗಾಜಿರುವ ಆ ಚಿತ್ರವನ್ನು ತೆಗೆಯಬೇಕೆಂದೂ ಕೋರುತ್ತೇನೆ. ಬದಲಿಗೆ ಗಾಜಿರುವ ರಿಂಗ್ ಕಳಿಸುವುದು ಬೇಡ. ಅಪರ್ಚರ್ ಪೂರ್ತಿ ತೆರೆದಾಗ ಅಗ್ಗದ ಗಾಜು ಬಿಂಬವನ್ನು ಮೆದುವಾಗಿಸುತ್ತದೆ, ದೊಡ್ಡಪ್ಪನವರ ಲೆನ್ಸಿಗೆ ಅದನ್ನು ಅಂಟಿಸಲು ನನಗೆ ಮನಸ್ಸಿಲ್ಲ. ಒಂದು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ಇದೇ ಪತ್ರ, ಟೇಪಿನ ಅಳತೆ ಮತ್ತು ಆ ಎರಡು ಚಿತ್ರಗಳೊಂದಿಗೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಗ್ರಾಹಕ
ವಿಜಯಪುರ