ಸಂಪಾದಕರ ಮಾತು: ತರಾಸು ಅವರ ದುರ್ಗ

ರಜೆಗೆ ಬೆಂಗಳೂರಿಗೆ ಹೋಗುವ ನಮ್ಮವರು ಗಾಂಧಿಬಜಾರಿನ ಪುಸ್ತಕದಂಗಡಿಗೆ ಒಮ್ಮೆ ಹೊಕ್ಕರೆ ತರಾಸು ಅವರ ಕಾದಂಬರಿಗಳನ್ನು ಕೇಳಿ ನೋಡಿ. ಈ ಸಲದ ರಾಜ್ಯೋತ್ಸವ ಸಂಚಿಕೆಗೆ ಅವರ ಬಗ್ಗೆಯೇ ಬರೆಯೋಣ ಅನ್ನಿಸಿತು.

ತರಾಸು, ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಕನ್ನಡದ ಹಿರಿಯ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯ ಇವರಿಗೆ ದೊಡ್ಡಪ್ಪ. 1942ರ ಚಳವಳಿಗೆ ಧುಮುಕಿದರು, ಪತ್ರಿಕೆಗಳಲ್ಲಿ ದುಡಿದರು. ನಮ್ಮಲ್ಲಿ ಬಹಳ ಮಂದಿಗೆ ಅವರು ಗೊತ್ತಿರುವುದು 'ನಾಗರಹಾವು' ಸಿನಿಮಾದಿಂದ. ಆ ಸಿನಿಮಾ ಅವರಿಗೇ ಅಷ್ಟು ಹಿಡಿಸಲಿಲ್ಲ ಅನ್ನುವುದು ಎಲ್ಲರೂ ಹೇಳುವ ಕತೆ. ಅದಿರಲಿ.

ಅವರ ಜೀವ ಇದ್ದದ್ದು ಚಿತ್ರದುರ್ಗದ ಪಾಳೆಯಗಾರರ ಮೇಲೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದೇ ಕತೆಯ ಮೂರು ಭಾಗ. ಅರಮನೆಯೊಳಗಿನ ಒಲವು, ಒಳಸಂಚು, ದಳವಾಯಿ, ಅಂದರೆ ಸೇನಾಪತಿ, ಮುದ್ದಣ್ಣನ ಅಧಿಕಾರದ ಹಸಿವು. ಒಂದು ಮುಗಿಸಿದರೆ ಇನ್ನೊಂದು ಕೈಗೆತ್ತಿಕೊಳ್ಳದೆ ಇರಲಾಗುವುದಿಲ್ಲ. ರಾಜನ ಹೆಂಡತಿ, ಸೇವಕಿ, ಸಿಪಾಯಿ ಎಲ್ಲರ ಆಸೆ, ಭಯವೂ ಸಿಂಹಾಸನದ ಜಗಳದೊಳಗೇ ಸಿಕ್ಕಿಕೊಂಡಿರುತ್ತದೆ. ಅಲ್ಲಿನ ಪ್ರೀತಿ ಅಲಂಕಾರಕ್ಕೆ ಇಟ್ಟದ್ದಲ್ಲ, ಯಾರು ಉಳಿಯುತ್ತಾರೆ ಅನ್ನುವುದನ್ನೇ ಅದು ತೀರ್ಮಾನಿಸುತ್ತದೆ.

'ದುರ್ಗಾಸ್ತಮಾನ' ಬಂದದ್ದು 1982ರಲ್ಲಿ. ದುರ್ಗದ ಕೊನೆಯ ಪಾಳೆಯಗಾರ ಮದಕರಿನಾಯಕ ಸೋಲುತ್ತಾನೆ, 1779ರಲ್ಲಿ ಕೋಟೆ ಹೈದರಾಲಿಯ ವಶವಾಗುತ್ತದೆ. ಇದು ಮೊದಲ ಪುಟ ತೆರೆಯುವ ಮೊದಲೇ ಓದುಗನಿಗೆ ಗೊತ್ತು. ಆದರೂ ಬಿಡದೆ ಓದಿಸುತ್ತಾರೆ. ಗೆಲ್ಲುವ ನಾಯಕನ ಕತೆ ಬರೆಯುವುದು ಸುಲಭ. ಸೋಲುವವನ ಜೊತೆಗೆ ನೂರಾರು ಪುಟ ನಡೆಸುವುದು ಕಷ್ಟ, ಅಲ್ವಾ? ಸಂಭಾಷಣೆ ಕೆಲವೆಡೆ ನಾಟಕದ ಮಾತಿನ ಹಾಗೆ ಜಾಸ್ತಿ ಎತ್ತರಕ್ಕೆ ಹೋಗುತ್ತದೆ, ನಿಜ. ಆದರೆ ಕೋಟೆಯ ಬಾಗಿಲು, ಹೊಂಡ, ಬುರುಜು ಎಲ್ಲವೂ ಅವರಿಗೆ ಗೊತ್ತಿತ್ತು. ಅದು ಸಾಲು ಸಾಲಿನಲ್ಲೂ ಕಾಣುತ್ತದೆ. 1984ರಲ್ಲಿ ಅವರು ತೀರಿಕೊಂಡರು, ಈ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ದಪ್ಪ ಪುಸ್ತಕಕ್ಕೆ ಹೆದರುವವರು 'ಹಂಸಗೀತೆ'ಯಿಂದ ಶುರು ಮಾಡಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ. ಹಿಂದಿಯ 'ಬಸಂತ್ ಬಹಾರ್' ಸಿನಿಮಾ ಇದರಿಂದಲೇ ಹುಟ್ಟಿತು. ಜಿ.ವಿ. ಅಯ್ಯರ್ ಇದನ್ನು ಕನ್ನಡದಲ್ಲಿ ಸಿನಿಮಾ ಮಾಡಿದ್ದು 1975ರಲ್ಲಿ, ಅನಂತನಾಗ್ ನಟಿಸಿದರು. ನಾನಂತೂ ಮೊದಲು ಪುಸ್ತಕ, ಆಮೇಲೆ ಸಿನಿಮಾ ಅನ್ನುವ ಪಕ್ಷದವನು.

ಬರುವ ತಿಂಗಳಿಂದ ಸಂಘದ ಓದುಕೂಟದಲ್ಲಿ 'ಕಂಬನಿಯ ಕುಯಿಲು' ಓದೋಣ ಅಂತಿದ್ದೇವೆ. ಬೆಂಗಳೂರಿನಿಂದ ಬರುವವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಪಕ್ಕ ಒಂದೆರಡು ಪ್ರತಿ ತುರುಕಿಕೊಂಡು ಬಂದರೆ ಹಣ ಕೊಡುವುದು ನಮ್ಮ ಜವಾಬ್ದಾರಿ.